ಸುಮ್ಮನಿದ್ದ ಗನ್ನಿನ ಮೊದಲ ಗುಂಡು

ಬೆಳಕು ಇನ್ನೂ ಹೊಸ್ತಿಲನ್ನು ದಾಟಿಲ್ಲ. ತಗಡಿನ ಮಾಡಿನ ಪುಟ್ಟ ಕೋಣೆಯಲ್ಲಿ ನಡುವಯಸ್ಸು ದಾಟಿದ ಹೆಂಗಸೊಬ್ಬರು ಮೊಳದುದ್ದದ ಲೋಹದ ನಳಿಗೆಯನ್ನು ಓರೆಯಾಗಿ ಹಿಡಿದು, ಅದರ ಬಾಯಿಗೆ ಗೋಲಿಯಂಥ ಹಳದಿ ಗುಂಡೊಂದನ್ನು ಇಳಿಬಿಡುತ್ತಾರೆ. ಗುಂಡು ಸರಾಗವಾಗಿ ಉರುಳಿ ಇನ್ನೊಂದು ತುದಿಯಿಂದ ಅಂಗೈಗೆ ಬೀಳುತ್ತದೆ. ಅವರು ತಲೆಯಾಡಿಸಿ ಆ ನಳಿಗೆಯನ್ನು ಬದಿಗಿಡುತ್ತಾರೆ. ಎರಡನೆಯದರಲ್ಲಿ ಗುಂಡು ಒಳಗೇ ನಿಲ್ಲುತ್ತದೆ. ಆಗ ನಳಿಗೆಯನ್ನು ಕಹಳೆಯಂತೆ ತುಟಿಗಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಊದುತ್ತಾರೆ. ಪುಸಕ್ಕನೆ ಹೊರಬಂದ ಗುಂಡು ಮೇಜಿನ ಮೇಲೆ ಹಾಸಿದ ಕಂಬಳಿಯ ಮೇಲೆ ಉರುಳಿ ನಿಲ್ಲುತ್ತದೆ.

"ಜೋರಾಗಿ ಊದಿದರೆ ಯಾವ ಗುಂಡಾದರೂ ಹಾರುತ್ತೆ," ಎನ್ನುತ್ತಾರೆ ಅವರು. "ಮಗು ಕಣ್ಣಿಗೆ ಧೂಳು ಬಿದ್ದಾಗ ಊದ್ತೀವಲ್ಲ, ಅಷ್ಟೇ ಉಸಿರು ಸಾಕು. ಅಷ್ಟಕ್ಕೇ ಹೊರಟಿತು ಅಂದ್ರೆ ಇವತ್ತಿನ ಗುಂಡಿಗೆ ಈ ನಳಿಗೆ ಜೋಡಿ. ನಿನ್ನೆಯ ಜೋಡಿ ಇವತ್ತು ಒಬ್ಬರ ಮುಖ ಒಬ್ಬರು ನೋಡಲ್ಲ. ಗಂಡ ಹೆಂಡತಿ ಥರಾನೇ."

ಗುಂಡಿನ ಹೊರಸಿಪ್ಪೆ ಔಷಧಿಯ ಕ್ಯಾಪ್ಸೂಲಿನಂಥದು; ಒಳಗೆ ಇರುವುದು ಬಣ್ಣದ ದ್ರವ. ಗಾಳಿಯಲ್ಲಿ ತೇವವಿದ್ದ ದಿನ ಅದು ಉಬ್ಬುತ್ತದೆ, ಒಣಗಿದ ದಿನ ಕುಗ್ಗುತ್ತದೆ. ನಳಿಗೆ ಬಿಗಿಯಾದರೆ ಒಳಗೇ ಒಡೆದು ಬಣ್ಣವೆಲ್ಲ ಕೆಡುತ್ತದೆ. ಸಡಿಲವಾದರೆ ಗಾಳಿ ಸುತ್ತಲಿಂದ ಸೋರಿ, ಗುಂಡು ಎತ್ತಲೋ ಹೋಗುತ್ತದೆ. ಆದುದರಿಂದ ಈ ಕೋಣೆಯಲ್ಲಿ ಪ್ರತಿ ಮುಂಜಾನೆಯೂ ಆ ದಿನದ ಹವೆಯೊಡನೆ ಒಂದು ಒಪ್ಪಂದದಿಂದಲೇ ಆರಂಭವಾಗುತ್ತದೆ.

ಕೋಣೆಯ ಆಚೆಗಿರುವುದು ಪೇಂಟ್‌ಬಾಲ್ ಮೈದಾನ. ಮುಚ್ಚಿಹೋದ ಗಾಜಿನ ಕಾರ್ಖಾನೆಯೊಂದರ ಹಿಂದಿನ ಬಯಲಿಗೆ ಬಲೆ ಕಟ್ಟಿ, ಆಳೆತ್ತರದ ಗಾಳಿದಿಂಬುಗಳನ್ನು ಅಲ್ಲಲ್ಲಿ ನಿಲ್ಲಿಸಿದ್ದಾರೆ. ಎರಡು ತಂಡಗಳು ಆ ದಿಂಬುಗಳ ಮರೆಯಲ್ಲಿ ಕುಳಿತು, ಓಡಿ, ಹೊರಳಿ, ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹಾರಿಸುತ್ತಾರೆ. ಮೈಮೇಲೆ ಒಂದು ಗುಂಡು ಒಡೆದರೆ ಅವನು ಹೊರಗೆ. ಗುಂಡು ಹಾರಿಸುವ ಉಪಕರಣಕ್ಕೆ ತಯಾರಕರು ಇಟ್ಟ ಹೆಸರು ಮಾರ್ಕರ್. ಗುರುತು ಹಾಕುವುದು ಎಂಬ ಸೌಮ್ಯವಾದ ಅರ್ಥ. ಆಡುವವರು ಮಾತ್ರ ಗನ್ ಎಂದೇ ಕರೆಯುತ್ತಾರೆ. ಈ ವಿಷಯದಲ್ಲಿ ಅತ್ತೆ ಆಟಗಾರರ ಪಕ್ಷ.

ಹೌದು, ಅತ್ತೆ. ಮೈದಾನದಲ್ಲಿ ಇವರಿಗೆ ಬೇರೆ ಹೆಸರಿಲ್ಲ. ಇವರ ಅಳಿಯ ಇಲ್ಲಿನ ಒಂದು ತಂಡದ ನಾಯಕ. ಅವನು ಅತ್ತೆ ಎಂದುದನ್ನು ಕೇಳಿ ತಂಡದವರೂ ಹಾಗೆಯೇ ಕರೆದರು, ಎದುರಾಳಿಗಳೂ ಕರೆದರು, ಕೊನೆಗೆ ಮೈದಾನದ ಯಜಮಾನರೂ ಕರೆಯತೊಡಗಿದರು. "ಯಜಮಾನರು ನನಗಿಂತ ವಯಸ್ಸಿನಲ್ಲಿ ದೊಡ್ಡವರು. ತಲೆಯಲ್ಲಿ ಒಂದು ಕೂದಲಿಲ್ಲ. ಇಷ್ಟು ಹಣ್ಣಾದ ಅಳಿಯ ನನಗೆ ಬೇಕಿರಲಿಲ್ಲ," ಎಂದು ಅತ್ತೆ ಅವರ ಮುಂದೆಯೇ ಹೇಳುತ್ತಾರೆ. ಯಜಮಾನರು ನಗುತ್ತಾರೆ.

ಈ ಉಪಕರಣದೊಳಗೆ ಮದ್ದಿಲ್ಲ, ಬೆಂಕಿಯಿಲ್ಲ. ಇರುವುದು ವಾಯು ಮಾತ್ರ. ಹಿಂಬದಿಯ ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿ, ರೆಗ್ಯುಲೇಟರ್ ಎಂಬ ಕಿರಿದಾದ ಗಂಟಲನ್ನು ಹಾಯ್ದು, ಒತ್ತಡ ತಗ್ಗಿಸಿಕೊಂಡು ಒಳಗಿನ ಕೋಶದಲ್ಲಿ ನಿಲ್ಲುತ್ತದೆ. ಟ್ರಿಗರ್ ಒತ್ತಿದೊಡನೆ ಅಲ್ಲಿಂದ ಬಿಡುಗಡೆಯಾಗಿ ಗುಂಡನ್ನು ನೂಕುತ್ತದೆ. ಪ್ರಾಣಾಯಾಮವನ್ನು ಬಲ್ಲವರು ಪೂರಕ, ಕುಂಭಕ, ರೇಚಕವೆಂದು ಮೂರು ಹೇಳುತ್ತಾರೆ: ಎಳೆದುಕೊಳ್ಳುವುದು, ತಡೆದಿಡುವುದು, ಬಿಡುವುದು. ಎಳೆದುಕೊಳ್ಳುವುದೂ ಬಿಡುವುದೂ ಹುಟ್ಟಿದವರಿಗೆಲ್ಲ ಬರುತ್ತದೆ, ಸಾಧನೆಯೆಲ್ಲ ತಡೆದಿಡುವುದರಲ್ಲಿದೆ. ಅತ್ತೆಯ ಕಸುಬು ಬಹುಪಾಲು ಆ ನಡುವಣ ಸ್ಥಿತಿಗೆ ಸೇರಿದ್ದು.

ನೋಡುವವರಿಗೆ ಕಾಣುವುದು ಬೇರೆ. ಅವರು ಚಿಮುಟದಲ್ಲಿ ಉಂಗುರದಂಥ ಪುಟ್ಟ ರಬ್ಬರ್ ವಾಷರುಗಳನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಬಿರುಕು ಕಂಡರೆ ಬಿಸಾಡುತ್ತಾರೆ. ಕಿರುಬೆರಳ ತುದಿಯಿಂದ ಗ್ರೀಸ್ ಸವರುತ್ತಾರೆ, ಅದೂ ಹೊಳಪು ಬರುವಷ್ಟು ಮಾತ್ರ. ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತಾರೆ. ಆಮೇಲೆ ಗನ್ನನ್ನು ಕಟ್ಟೆಗೆ ಬಿಗಿದು, ಎದುರಿನ ಚೀಲಕ್ಕೆ ಗುಂಡು ಹಾರಿಸಿ, ವೇಗ ತೋರಿಸುವ ಮೀಟರನ್ನು ನೋಡುತ್ತಾರೆ. ಬೆನ್ನಿನ ತಿರುಪನ್ನು ಬಿಗಿ ಮಾಡಿದರೆ ವೇಗ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸೆಕೆಂಡಿಗೆ ಇನ್ನೂರ ಎಂಬತ್ತು ಅಡಿ ಈ ಮೈದಾನದ ಮಿತಿ. ಅದಕ್ಕಿಂತ ಹೆಚ್ಚಾದರೆ ಗುಂಡು ಬಣ್ಣ ಬಳಿಯುವುದಿಲ್ಲ, ಗಾಯ ಮಾಡುತ್ತದೆ.

"ಬಂದವರೆಲ್ಲ ಕೇಳೋದು ಒಂದೇ. ಅತ್ತೆ, ಸ್ವಲ್ಪ ಜೋರು ಮಾಡಿಕೊಡಿ. ನಾನು ಕೇಳ್ತೀನಿ, ಅಪ್ಪಾ, ಗುಂಡು ನೀನು ಹೇಳಿದ ಕಡೆ ಹೋಗಬೇಕಾ, ಬೇಗ ಹೋಗಬೇಕಾ? ಒಂದು ಗುಂಡು ಬೇಗ, ಇನ್ನೊಂದು ನಿಧಾನ ಹೋದರೆ ಒಂದು ತಲೆ ಮೇಲೆ, ಇನ್ನೊಂದು ಕಾಲ ಕೆಳಗೆ. ಹತ್ತೂ ಒಂದೇ ಥರ ಹೋಗಲಿ. ಅದು ಚೆನ್ನಾಗಿರೋ ಗನ್."

ಈ ವಿದ್ಯೆ ಅವರಿಗೆ ಬಂದುದು ಸೀಮೆಎಣ್ಣೆಯ ಪಂಪ್ ಸ್ಟೌಗಳಿಂದ. ಗಂಡನ ರಿಪೇರಿ ಅಂಗಡಿಯಲ್ಲಿ ಮೊದಲು ಬಾಗಿಲು ಗುಡಿಸಿದರು, ಆಮೇಲೆ ಬರ್ನರಿನ ಕಣ್ಣು ಚುಚ್ಚಿದರು, ಆಮೇಲೆ ವಾಷರ್ ಕತ್ತರಿಸಿದರು. ಸ್ಟೌ ಉರಿಯುವ ಸದ್ದಿನಿಂದಲೇ ಅದರ ರೋಗ ಹೇಳುವಷ್ಟು ಕಿವಿ ಪಳಗಿತು. ಮನೆಮನೆಗೆ ಗ್ಯಾಸ್ ಬಂದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಗಂಡನ ಕಣ್ಣೂ ಮಂಜಾಯಿತು. ಕೊನೆಕೊನೆಗೆ ದಿನವಿಡೀ ಇಬ್ಬರೂ ಎದುರುಬದುರು ಕುಳಿತು ಹಳೆಯ ಸ್ಟೌಗಳನ್ನೇ ಮತ್ತೆ ಬಿಚ್ಚಿ ಜೋಡಿಸುತ್ತಿದ್ದರಂತೆ. "ಕೈ ಮರೀಬಾರದು ಅಂತ," ಎನ್ನುತ್ತಾರೆ. "ಅಂಗಡಿ ಮುಚ್ಚಿದ ದಿನ ಇವರು ಅಳಲಿಲ್ಲ. ಸ್ಟೌ ಪಿನ್ನಿನ ಡಬ್ಬಿ ಗುಜರಿಗೆ ಹಾಕೋವಾಗ ಅತ್ತರು."

ಮಗಳ ಮದುವೆಯಾದ ಹೊಸದರಲ್ಲಿ ಅಳಿಯ ಒಂದು ದಿನ ಸೋರುವ ಗನ್ ಹಿಡಿದು ಮನೆಗೆ ಬಂದ. ಅತ್ತೆ ಒಲೆಯ ಮುಂದಿದ್ದವರು ಅಲ್ಲಿಂದಲೇ "ಮೂತಿಯ ಹತ್ತಿರ ಅಲ್ಲ, ಕುತ್ತಿಗೆ ಹತ್ತಿರ ಸೋರ್ತಾ ಇದೆ," ಎಂದರು. ಬಿಚ್ಚಿ ನೋಡಿದರೆ ಅಲ್ಲಿಯೇ. ಆ ವಾರವೇ ಅಳಿಯ ಅವರನ್ನು ಯಜಮಾನರ ಬಳಿಗೆ ಕರೆತಂದ. ಮೊದಮೊದಲು ಹುಡುಗರು ನಗುತ್ತಿದ್ದರು. ಒಬ್ಬನಂತೂ, "ಅಜ್ಜಿ, ಇದು ಒಗ್ಗರಣೆ ಸೌಟಲ್ಲ," ಎಂದ. ಅತ್ತೆ ಅವನ ಗನ್ನನ್ನು ಕಿವಿಗಿಟ್ಟುಕೊಂಡು, "ಸೌಟಾಗಿದ್ದರೆ ಇಷ್ಟು ಸೋರ್ತಿರಲಿಲ್ಲ," ಎಂದು ಹಿಂದಿರುಗಿಸಿದರು. ಅವನು ಈಗಲೂ ಬರುತ್ತಾನೆ; ಚಪ್ಪಲಿ ಹೊರಗೆ ಬಿಟ್ಟು ಕೋಣೆಯೊಳಗೆ ಬರುತ್ತಾನೆ.

ಕಷ್ಟಗಳು ಇಲ್ಲದಿಲ್ಲ. ಚಳಿಯ ಮುಂಜಾನೆ ಲೋಹ ಮುಟ್ಟಿ ಬೆರಳ ತುದಿ ಮರಗಟ್ಟುತ್ತದೆ. ದಿನಕ್ಕೆ ಮೂವತ್ತು ನಲವತ್ತು ಗನ್ ಕೈಯಲ್ಲಿ ಹಾದುಹೋಗುತ್ತವೆ, ರಜೆಯ ದಿನ ಅದರ ಎರಡರಷ್ಟು. ನಿಂತೇ ಮಾಡುವ ಕೆಲಸವಾದ್ದರಿಂದ ಸಂಜೆಗೆ ಪಾದ ಊದಿಕೊಳ್ಳುತ್ತದೆ. ಮನೆಗೆ ಹೋದೊಡನೆ ಗಂಡ ಕೇಳುವ ಮೊದಲ ಪ್ರಶ್ನೆ, "ಇವತ್ತು ಯಾರನ್ನ ಬೈದೆ?" ಕಾಣದ ಕಣ್ಣಿಗೆ ಅದೇ ಪತ್ರಿಕೆ, ಅದೇ ಟಿವಿ.

ತಪಾಸಣೆ ಮುಗಿದ ಗನ್ನಿನ ಕುತ್ತಿಗೆಗೆ ಅತ್ತೆ ಹಸಿರು ಪಟ್ಟಿ ಸುತ್ತುತ್ತಾರೆ. ಪಟ್ಟಿ ಇಲ್ಲದ ಗನ್ನನ್ನು ತೀರ್ಪುಗಾರರು ಒಳಗೆ ಬಿಡುವುದಿಲ್ಲ. ಪಟ್ಟಿ ಸುತ್ತುವ ಮೊದಲು ಅವರು ಇನ್ನೊಂದು ಕೆಲಸ ಮಾಡುತ್ತಾರೆ. ಬೇರೆ ಮೈದಾನಗಳಲ್ಲಿ ಆತುರದಲ್ಲಿ ಬಿಟ್ಟುಬಿಡುವುದು ಇದನ್ನೇ. ಒಂದರ ಹಿಂದೊಂದು ಗುಂಡು ಹಾರಿಸಿ, ಮೀಟರ್ ಸರಿಯಾದ ಅಂಕಿ ತೋರಿಸಿದ ಮೇಲೆ, ಗನ್ನನ್ನು ಮೇಜಿನ ಮೇಲೆ ಸುಮ್ಮನೆ ಮಲಗಿಸುತ್ತಾರೆ. ಗಾಳಿ ತುಂಬಿದ ಹಾಗೆಯೇ ಇರುತ್ತದೆ, ಯಾರೂ ಮುಟ್ಟುವಂತಿಲ್ಲ. ಸಾಕಷ್ಟು ಹೊತ್ತು ಕಳೆದ ಮೇಲೆ ಎತ್ತಿ ಒಂದೇ ಗುಂಡು ಹಾರಿಸುತ್ತಾರೆ. ಆ ಒಂದರ ವೇಗವನ್ನು ನೋಡಿಯೇ ತೀರ್ಮಾನ.

"ಓಡ್ತಾ ಇರುವಾಗ ಎಲ್ಲ ಗನ್ನೂ ಒಳ್ಳೆಯದೇ," ಎನ್ನುತ್ತಾರೆ. "ಸುಮ್ಮನೆ ಕೂತಾಗ ಒಳಗೆ ಏನು ಮಾಡ್ತಾ ಇದೆ ಅಂತ ಗೊತ್ತಾಗಬೇಕು. ರೆಗ್ಯುಲೇಟರ್ ಬಾಯಿ ಸರಿಯಾಗಿ ಮುಚ್ಚದಿದ್ದರೆ ಗಾಳಿ ಕದ್ದು ಕದ್ದು ಒಳಗೆ ಸೇರುತ್ತೆ. ಒತ್ತಡ ಏರುತ್ತೆ. ಹೊರಗೆ ಸದ್ದಿಲ್ಲ, ಗುಳ್ಳೆ ಇಲ್ಲ. ಮೊದಲನೇ ಗುಂಡು ರೊಯ್ ಅಂತ ಹೋಗುತ್ತೆ. ಎರಡನೇದು ಮತ್ತೆ ಸಾಧು."

ಆಟದ ಸ್ವರೂಪವನ್ನು ಬಲ್ಲವರಿಗೆ ಇದರ ಅಪಾಯ ಅರ್ಥವಾಗುತ್ತದೆ. ಮರೆಯಲ್ಲಿ ಬಹಳ ಹೊತ್ತು ಅಲುಗದೆ ಕುಳಿತವನು ಥಟ್ಟನೆ ಎದ್ದು ಹಾರಿಸುವ ಮೊದಲ ಗುಂಡೇ ಅತಿ ಸಮೀಪದಿಂದ ಹೋಗುವ ಗುಂಡು. ಬಹುಕಾಲ ಮೌನವಾಗಿದ್ದವನ ಮೊದಲ ಮಾತಿನಂತೆ, ಕೇಳಬೇಕಾದವನ ಮುಖಕ್ಕೆ ನೇರವಾಗಿ.

ಈ ಲೇಖನಕ್ಕಾಗಿ ಅತ್ತೆಯನ್ನು ಭೇಟಿಯಾದ ದಿನ ಮೈದಾನದಲ್ಲಿ ವರ್ಷದ ದೊಡ್ಡ ಪಂದ್ಯ. ವಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಬಂದಿದ್ದಾರೆ. ಅಳಿಯನಿಗೆ ಇದು ಬಹುದಿನಗಳ ಆಸೆ. ಅವನು ಮಕ್ಕಳಿಗೆ ಈಜು ಕಲಿಸುವವನು. ಕೊಳದಿಂದ ನೇರವಾಗಿ ಇಲ್ಲಿಗೆ ಬಂದು, ಒದ್ದೆ ತಲೆಯಲ್ಲೇ ಅಭ್ಯಾಸ ಮಾಡುತ್ತಾನೆ. ಕಳೆದ ವರ್ಷ ಕೂದಲೆಳೆಯಲ್ಲಿ ತಪ್ಪಿಹೋಯಿತು. ಈಗ ಮೂವತ್ತಮೂರು ವಯಸ್ಸು, ಎಡ ಮೊಣಕಾಲು ಆಗಾಗ ಮುನಿಯುತ್ತದೆ. ಇಂದು ಆರಿಸದಿದ್ದರೆ ಮುಂದಿನ ವರ್ಷ ಆ ಮೊಣಕಾಲು ಒಪ್ಪುತ್ತದೆಯೇ ಎಂಬುದನ್ನು ಯಾರೂ ಹೇಳಲಾರರು.

ಬಿಸಿಲು ಮೇಜಿನ ಅಂಚಿಗೆ ಬರುವ ಹೊತ್ತಿಗೆ ಅಳಿಯ ಕೋಣೆಗೆ ಬರುತ್ತಾನೆ. ಅವನ ಗನ್ ಕನ್ನಡಿಯಂತೆ ಹೊಳೆಯುತ್ತಿದೆ.

"ನಿನ್ನೆ ಸಂಜೆ ಪೂರ್ತಿ ಬಿಚ್ಚಿ ಒರೆಸಿದೀನಿ ಅತ್ತೆ. ಇವತ್ತು ನಿಮಗೆ ಬೈಯೋಕೆ ಏನೂ ಸಿಗಲ್ಲ."

"ಬೈಯೋದಕ್ಕೆ ಕಾರಣ ಬೇಕು ಅಂತ ಯಾರು ಹೇಳಿದ್ರು ಅಳಿಯಂದಿರೇ?"

ಕಟ್ಟೆಗೆ ಬಿಗಿದು ಹಾರಿಸುತ್ತಾರೆ. ಇನ್ನೂರ ಎಪ್ಪತ್ತಾರು, ಎಪ್ಪತ್ತೈದು, ಎಪ್ಪತ್ತಾರು. ಅಷ್ಟು ಸಮನಾದ ಅಂಕಿಗಳು ಆ ಬೆಳಿಗ್ಗೆ ಬೇರೆ ಯಾವ ಗನ್ನಿಗೂ ಬಂದಿರಲಿಲ್ಲ. ಅಳಿಯ ಹಸಿರು ಪಟ್ಟಿಯ ಸುರುಳಿಯನ್ನು ತಾನೇ ಎತ್ತಿ ಅವರ ಕೈಗಿಡುತ್ತಾನೆ. ಅತ್ತೆ ಸುರುಳಿಯನ್ನು ಕೆಳಗಿಟ್ಟು ಗನ್ನನ್ನು ಮಲಗಿಸುತ್ತಾರೆ. ಅಳಿಯ ಕುಳಿತುಕೊಳ್ಳುತ್ತಾನೆ, ಏಳುತ್ತಾನೆ, ಬಾಗಿಲ ಬಳಿಗೆ ಹೋಗಿ ಬರುತ್ತಾನೆ. ಹೊರಗೆ ತಂಡದವರು ಅವನನ್ನು ಕೂಗುತ್ತಿದ್ದಾರೆ. ಅತ್ತೆ ಅಷ್ಟರಲ್ಲಿ ಇನ್ನಿಬ್ಬರ ಗನ್ ನೋಡಿ ಕಳಿಸುತ್ತಾರೆ. ಕೊನೆಗೆ ಅಳಿಯನದನ್ನು ಎತ್ತಿ ಒಂದು ಗುಂಡು ಹಾರಿಸುತ್ತಾರೆ.

ಮೀಟರಿನಲ್ಲಿ ಮುನ್ನೂರ ಹನ್ನೊಂದು.

ಅತ್ತೆ ಇನ್ನೊಂದು ಗುಂಡು ಹಾರಿಸುತ್ತಾರೆ: ಇನ್ನೂರ ಎಪ್ಪತ್ತಾರು. ಮತ್ತೆ ಮಲಗಿಸಿ, ಇನ್ನೂ ಸ್ವಲ್ಪ ಹೆಚ್ಚು ಕಾದು, ಮತ್ತೊಂದು. ಮುನ್ನೂರ ಹದಿನೆಂಟು.

"ಮೀಟರ್ ಸರಿಯಿಲ್ಲ ಅನ್ಸುತ್ತೆ," ಎನ್ನುತ್ತಾನೆ ಅಳಿಯ.

"ಮೀಟರಿಗೆ ನೀವು ಅಳಿಯ ಅಂತ ಗೊತ್ತಿಲ್ಲ."

"ಹಾಗಾದರೆ ಇಳಿಸಿಕೊಡಿ ಅತ್ತೆ. ಇನ್ನೂರ ಮೂವತ್ತಕ್ಕೆ ಇಳಿಸಿ. ಮೊದಲನೇದು ಏರಿದರೂ ಮಿತಿಯೊಳಗೇ ಇರುತ್ತೆ. ನಾನು ಹೇಗೋ ಸುಧಾರಿಸ್ಕೊತೀನಿ."

ಇದು ತೂಕದ ಮಾತೇ. ಅತ್ತೆ ಮೀಟರಿನ ಅಂಕಿಯತ್ತ ಬೆರಳು ತೋರುತ್ತಾರೆ. "ಮೊದಲು ಕಾದಾಗ ಅಷ್ಟು ಏರಿತು, ಇನ್ನೂ ಸ್ವಲ್ಪ ಹೆಚ್ಚು ಕಾದಾಗ ಇನ್ನೂ ಏರಿತು. ನೀವು ಒಳಗೆ ಹೋಗಿ ದಿಂಬಿನ ಹಿಂದೆ ಇನ್ನೆಷ್ಟು ಹೊತ್ತು ಕೂರ್ತೀರೋ, ಅದು ಇನ್ನೆಷ್ಟು ಏರುತ್ತೋ, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೇಗೆ ಪಟ್ಟಿ ಸುತ್ತಲಿ?"

"ಬಿಚ್ಚಿ ಸರಿ ಮಾಡಿಕೊಡಿ ಹಾಗಾದ್ರೆ."

"ಮಾಡ್ತೀನಿ. ರೆಗ್ಯುಲೇಟರ್ ಬಾಯಿ ಮುಚ್ಚೋ ಹೊಸ ಸೀಲು ಹಾಕಿದರೆ ಅದು ಕೂರಬೇಕು. ಹಾರಿಸಿ, ಮಲಗಿಸಿ, ಹಾರಿಸಿ, ಮಲಗಿಸಿ ನೋಡಬೇಕು. ಮಧ್ಯಾಹ್ನ ಆಗುತ್ತೆ. ಆಟ ಅಷ್ಟು ಹೊತ್ತು ಕಾಯುತ್ತಾ?"

ಆಟ ಕಾಯುವುದಿಲ್ಲವೆಂಬುದು ಇಬ್ಬರಿಗೂ ಗೊತ್ತು. ಅಷ್ಟರಲ್ಲಿ ಮಗಳು ಬರುತ್ತಾಳೆ. ಗಂಡನ ಆಟ ನೋಡಲೆಂದು ಕೆಲಸಕ್ಕೆ ರಜೆ ಹಾಕಿ ಬಂದವಳು. ವಿಷಯ ತಿಳಿದೊಡನೆ ಅವಳ ಮುಖ ಕೆಂಪಾಗುತ್ತದೆ.

"ಅಮ್ಮಾ, ಊರವರ ಗನ್ನಿಗೆಲ್ಲ ಪಟ್ಟಿ ಸುತ್ತಿದೀಯ. ಮನೆಯವರಿಗೆ ಮಾತ್ರ ಆಗಲ್ವಾ?"

"ಊರವರದ್ದು ಏರಲಿಲ್ಲ ಕಣೇ."

"ಒಂದು ಗುಂಡು ತಾನೆ? ಒಂದೇ ಒಂದು ಗುಂಡು ಸ್ವಲ್ಪ ಜೋರಾಗಿ ಹೋದರೆ ಏನಾಗುತ್ತೆ?"

"ಆ ಒಂದು ಯಾರ ಮನೆಯವರಿಗೆ ತಾಗುತ್ತೋ ಅವರನ್ನ ಕೇಳು."

ಗದ್ದಲ ಕೇಳಿ ಯಜಮಾನರು ಬಾಗಿಲಲ್ಲಿ ನಿಲ್ಲುತ್ತಾರೆ. ಅವರಿಗೂ ಇಕ್ಕಟ್ಟು, ಮೈದಾನದ ಹುಡುಗ ಆಯ್ಕೆಯಾದರೆ ಮೈದಾನಕ್ಕೆ ಹೆಸರು. "ಅತ್ತೆ, ಬೇಕಾದರೆ ತೀರ್ಪುಗಾರರ ಹತ್ತಿರ ನಾನು ಮಾತಾಡ್ತೀನಿ," ಎಂದು ಮೆಲ್ಲಗೆ ಹೇಳುತ್ತಾರೆ. ಅತ್ತೆ ಹಸಿರು ಪಟ್ಟಿಯ ಸುರುಳಿಯನ್ನು ಅವರತ್ತ ಚಾಚುತ್ತಾರೆ. "ನೀವೇ ಸುತ್ತಿಬಿಡಿ. ನಿಮ್ಮ ಮೈದಾನ, ನಿಮ್ಮ ಪಟ್ಟಿ. ನಾಳೆಯಿಂದ ಎಲ್ಲದಕ್ಕೂ ನೀವೇ ಸುತ್ತಿ." ಯಜಮಾನರು ಸುರುಳಿಯನ್ನು ಮುಟ್ಟುವುದಿಲ್ಲ. ಅವರು ಹೋದ ಮೇಲೆ ಬಾಗಿಲಲ್ಲಿ ಬಿಸಿಲು ಮಾತ್ರ ಉಳಿಯುತ್ತದೆ.

ಬಾಡಿಗೆಗೆ ಕೊಡುವ ಗನ್ನುಗಳಲ್ಲಿ ಎಲ್ಲಕ್ಕಿಂತ ಹಳೆಯದೊಂದಿದೆ. ಭಾರ ಹೆಚ್ಚು, ಮೈಯೆಲ್ಲ ತಗ್ಗು. ಅದಕ್ಕೆ ಅತ್ತೆ ಇಟ್ಟ ಹೆಸರು ದೊಡ್ಡಪ್ಪ. "ನಿಧಾನಸ್ಥ, ಆದರೆ ಸುಳ್ಳು ಹೇಳಲ್ಲ." ಅದನ್ನು ಗೂಟದಿಂದ ಇಳಿಸುತ್ತಾರೆ. ಆ ದಿನದ ಗುಂಡಿಗೆ ಜೋಡಿಯಾಗುವ ನಳಿಗೆಯನ್ನು ಮತ್ತೊಮ್ಮೆ ಊದಿ ಆರಿಸುತ್ತಾರೆ. ಟ್ರಿಗರಿನ ಸಡಿಲವನ್ನು ಅಳಿಯನ ಬೆರಳಿಗೆ ಸರಿಹೊಂದುವಂತೆ ತಗ್ಗಿಸುತ್ತಾರೆ. ಆ ಬೆರಳಿನ ಅಳತೆ ಅವರಿಗೆ ಕೇಳದೆಯೇ ಗೊತ್ತು. ಹಾರಿಸುತ್ತಾರೆ, ಮಲಗಿಸುತ್ತಾರೆ, ಹಾರಿಸುತ್ತಾರೆ. ಇನ್ನೂರ ಎಪ್ಪತ್ತೆರಡು, ಸುಮ್ಮನಿದ್ದ ಮೇಲೆ ಇನ್ನೂರ ಎಪ್ಪತ್ತು. ಪಟ್ಟಿ ಸುತ್ತುತ್ತಾರೆ.

ಅಳಿಯ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾನೆ. ಹೊರಟುಹೋಗುತ್ತಾನೆ. ಮಗಳು ತಾಯಿಯ ಮುಖ ನೋಡದೆ ಅವನ ಹಿಂದೆ ನಡೆಯುತ್ತಾಳೆ.

ಕೋಣೆಗೆ ಮೈದಾನದ ಕಡೆ ಕಿಟಕಿ ಇಲ್ಲ. ಪಂದ್ಯ ನಡೆಯುವಾಗ ಯಾರ ಗನ್ ಕೆಟ್ಟರೂ ಇಲ್ಲಿಗೇ ಬರುವುದರಿಂದ ಅತ್ತೆ ಕದಲುವಂತಿಲ್ಲ. ಹೀಗಾಗಿ ಇಷ್ಟು ವರ್ಷಗಳಲ್ಲಿ ಅವರು ಒಂದು ಆಟವನ್ನೂ ಪೂರ್ತಿಯಾಗಿ ನೋಡಿಲ್ಲ, ಕೇಳಿದ್ದಾರೆ. ಗೋಡೆಯಾಚೆ ಸದ್ದು ಏಳುತ್ತದೆ, ಮಳೆಹನಿ ತಗಡಿನ ಮೇಲೆ ಬಿದ್ದಂತೆ. ಅತ್ತೆ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ತಲೆ ಓರೆ ಮಾಡಿ ನಿಲ್ಲುತ್ತಾರೆ. "ಅದು ದೊಡ್ಡಪ್ಪ. ಗೊಗ್ಗರು ಗಂಟಲು." ಸ್ವಲ್ಪ ಹೊತ್ತಿನ ಮೇಲೆ, "ಈಗ ಕಾಯ್ತಾ ಇದ್ದಾರೆ." ಆಮೇಲೆ, "ಎದ್ದರು." ಮತ್ತೆ ಗೊಗ್ಗರು ಗಂಟಲು ಎರಡು ಸಲ, ಮೂರು ಸಲ. ಮೊದಲ ಸುತ್ತು ಮುಗಿದ ಸೀಟಿ ಕೇಳುತ್ತದೆ. ಅಳಿಯನ ತಂಡ ಗೆದ್ದಿದೆಯೆಂದು ಹೊರಗಿನ ಕೂಗಿನಿಂದ ತಿಳಿಯುತ್ತದೆ. ಎರಡನೆಯದರಲ್ಲಿ ಸೋಲು. ಮೂರನೆಯ ಸುತ್ತಿನಲ್ಲಿ ಸದ್ದುಗಳ ನಡುವೆ ದೊಡ್ಡಪ್ಪನ ದನಿ ಒಮ್ಮೆ ಕೇಳಿ, ಮತ್ತೆ ಕೇಳುವುದೇ ಇಲ್ಲ. ಅತ್ತೆ ಅದೇ ಬಟ್ಟೆಯಿಂದ ಅದೇ ನಳಿಗೆಯನ್ನು ಮತ್ತೆ ಮತ್ತೆ ಒರೆಸುತ್ತಾರೆ.

ಆಯ್ಕೆಯಾದವರು ಇಬ್ಬರು, ಇಬ್ಬರೂ ಎದುರಾಳಿ ತಂಡದವರು. ಸುದ್ದಿ ತರುವವಳು ಮಗಳು. ಅವಳು ಬಾಗಿಲಲ್ಲೇ ನಿಂತು, "ಬಾಡಿಗೆ ಗನ್ ಕೊಟ್ಟು ಸೋಲಿಸಿದೆ, ಸಮಾಧಾನ ಆಯ್ತಾ?" ಎನ್ನುತ್ತಾಳೆ.

ಅತ್ತೆ ಒರೆಸುವ ಬಟ್ಟೆಯನ್ನು ಮಡಚಿಡುತ್ತಾರೆ. ಆಮೇಲೆ ಕೇಳಿದಾಗ ಹೇಳುತ್ತಾರೆ: "ಅವರ ಗನ್ನೇ ಇದ್ದಿದ್ದರೆ ಗೆಲ್ತಿದ್ದರೇನೋ. ಏನೂ ಅನಾಹುತ ಆಗ್ತಿರಲಿಲ್ಲವೇನೋ. ಯಾರು ಹೇಳೋರು? ಅವಳು ನನ್ನ ಮಗಳು, ಅವಳ ಗಂಡ ಅವರು."

ಅಳಿಯ ಬರುವುದು ತಡವಾಗಿ. ಹೆಗಲ ಮೇಲೆ ಹಳದಿ ಬಣ್ಣ ಒಣಗಿ ಬಿರುಕುಬಿಟ್ಟಿದೆ. ಹೆಂಡತಿಯ ಮಾತು ಅವನ ಕಿವಿಗೆ ಬಿದ್ದಿರಬೇಕು. ದೊಡ್ಡಪ್ಪನನ್ನು ಗೂಟಕ್ಕೆ ತೂಗುಹಾಕಿ, ಮೇಜಿನ ಎದುರು ಕುಳಿತು ಹೇಳುತ್ತಾನೆ:

"ಗನ್ ಚೆನ್ನಾಗೇ ಹೊಡೀತು. ನಾನು ಬಲಗಡೆ ಹೋಗಬಾರದಿತ್ತು. ಅಲ್ಲಿ ಒಬ್ಬ ಕೂತಿದ್ದ. ನಾನು ನೋಡಿದ್ದೆ. ನೋಡಿಯೂ ಹೋದೆ."

"ಯಾಕ್ರೀ ಹೋದ್ರಿ?" ಹೆಂಡತಿಯ ದನಿ ಈಗ ಬೇರೆಯಾಗಿದೆ.

"ಆರಿಸೋರು ಆ ಕಡೆ ಕೂತಿದ್ರು ಕಣೇ. ಅವರಿಗೆ ಕಾಣಲಿ ಅಂತ."

ಮೊದಲು ನಗುವವಳು ಮಗಳು. ಆಮೇಲೆ ಅಳುತ್ತಾಳೆ. ಅಳಿಯ ತನ್ನ ಹೊಳೆಯುವ ಗನ್ನನ್ನು ಅತ್ತೆಯ ಮುಂದೆ ಸರಿಸುತ್ತಾನೆ. "ಬಿಚ್ಚಿ ಅತ್ತೆ. ಏನಾಗಿದೆ ನೋಡೋಣ."

ಅತ್ತೆ ಸಿಲಿಂಡರ್ ಕಳಚಿ, ಒಳಗುಳಿದ ಗಾಳಿಯನ್ನು ಬಿಟ್ಟು, ರೆಗ್ಯುಲೇಟರನ್ನು ತಿರುಚುತ್ತಾರೆ. ಒಳಗೆ ಸೀಲು ಕೂತಿರುವ ಪುಟ್ಟ ಪೀಠವನ್ನು ಚಿಮುಟದಿಂದ ಎತ್ತಿ ಭೂತಗನ್ನಡಿಯ ಕೆಳಗಿಡುತ್ತಾರೆ. ಮೂವರ ತಲೆಗಳೂ ಬಾಗುತ್ತವೆ. ಸೀಲಿನ ಅಂಚಿಗೆ ಅಂಟಿಕೊಂಡಿರುವುದು ಹತ್ತಿಯ ಒಂದು ಎಳೆ. ಕಣ್ಣರೆಪ್ಪೆಯ ಕೂದಲಿಗಿಂತ ಸಣ್ಣದು. ಕಿವಿ ಸ್ವಚ್ಛಗೊಳಿಸುವ ಹತ್ತಿಕಡ್ಡಿಯಿಂದ ಅಳಿಯ ಪಂದ್ಯದ ಹಿಂದಿನ ಸಂಜೆ ಅಲ್ಲಿಯವರೆಗೂ ಒರೆಸಿದ್ದ. ಅಷ್ಟು ಶ್ರದ್ಧೆಯಿಂದ ಒರೆಸದಿದ್ದರೆ ಅದು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಬಾಯಿ ಪೂರ್ತಿ ಮುಚ್ಚದಂತೆ ತಡೆಯಲು ಆ ಎಳೆಯೇ ಸಾಕಾಗಿತ್ತು.

"ಅತಿ ಮಾಡಿದೆ," ಎನ್ನುತ್ತಾನೆ ಅಳಿಯ.

"ಶುಚಿ ಇಲ್ಲ, ಶುಚಿ ಇಲ್ಲ ಅಂತ ನಿಮ್ಮ ತಲೆ ತಿಂದೋಳು ನಾನು. ಎಲ್ಲಿ ನಿಲ್ಲಿಸಬೇಕು ಅಂತ ಹೇಳಿರಲಿಲ್ಲ," ಎನ್ನುತ್ತಾರೆ ಅತ್ತೆ. "ಒಳಗೆ ಹತ್ತಿ ಹಾಕಬಾರದು. ಬಟ್ಟೆ, ಅದೂ ನೂಲು ಬಿಡದ ಬಟ್ಟೆ. ಇಲ್ಲದಿದ್ದರೆ ಬೆರಳು."

ಎಳೆಯನ್ನು ಚಿಮುಟದಿಂದ ತೆಗೆದು, ಹೊಸ ಸೀಲು ಕೂರಿಸಿ, ಅಳಿಯನ ಕೈಗೇ ಗನ್ ಕೊಟ್ಟು ಜೋಡಿಸಲು ಹೇಳುತ್ತಾರೆ. ಅವನು ತಿರುಪು ಬಿಗಿಯುವಾಗ ಎರಡು ಸಲ "ಮೆಲ್ಲಗೆ" ಎನ್ನುತ್ತಾರೆ, ಮೂರನೆಯ ಸಲ ಕೈಯ ಮೇಲೆ ಹೊಡೆಯುತ್ತಾರೆ. ಮಗಳು ಮೂಲೆಯ ಸ್ಟೂಲಿನ ಮೇಲೆ ಕುಳಿತು ಇಬ್ಬರನ್ನೂ ನೋಡುತ್ತಾಳೆ. ಆಕೆಯ ಸಿಟ್ಟು ಪೂರ್ತಿ ಇಳಿದಿದೆಯೆಂದು ಹೇಳಲಾಗದು. ಆದರೆ ಎದ್ದು ಹೋಗುವುದಿಲ್ಲ.

ನಿಮಗೊಂದು ಆಸೆ ಇದ್ದರೆ ಏನು ಎಂದು ಕೇಳಿದರೆ ಅತ್ತೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾರೆ. ಚಳಿಗೆ ಒಂದು ಹೀಟರ್ ಎಂದು ಆರಂಭಿಸಿ, ಬೇಡ ಬಿಡಿ ಎಂದು ನಿಲ್ಲಿಸುತ್ತಾರೆ. ಮೈದಾನದ ಕಡೆಯ ಗೋಡೆಯನ್ನು ಒಮ್ಮೆ ನೋಡುತ್ತಾರೆ. "ಆ ಗೋಡೆಗೆ ಒಂದು ಕಿಟಕಿ ಇಟ್ಟುಕೊಟ್ಟರೆ ಸಾಕು. ಇಷ್ಟೇ ಇಷ್ಟು. ಇವರು ಆಡೋದನ್ನ ಒಂದು ಸಲ ಕಣ್ಣಲ್ಲಿ ನೋಡಬೇಕು."

"ಸೋಲೋದನ್ನ ನೋಡೋಕಾ?" ಎಂದು ಅಳಿಯ ತಿರುಪಿನಿಂದ ಕಣ್ಣೆತ್ತದೆಯೇ ಕೇಳುತ್ತಾನೆ.

"ಗೆದ್ದರೂ ನೋಡ್ತೀನಿ, ಸೋತರೂ ನೋಡ್ತೀನಿ. ಅದು ನಿಮ್ಮ ಕೈಯಲ್ಲಿದೆ," ಎನ್ನುತ್ತಾರೆ ಅತ್ತೆ. ಆಮೇಲೆ ಕೇಳಿದವರ ಕಡೆ ತಿರುಗಿ, ದನಿ ತಗ್ಗಿಸಿ, ಒಂದು ಗುಟ್ಟು ಹೇಳುವಂತೆ ಹೇಳುತ್ತಾರೆ: "ಇವತ್ತು ಅವರು 'ನಾನು ಬಲಗಡೆ ಹೋಗಬಾರದಿತ್ತು' ಅಂದ್ರಲ್ಲ, ಗನ್ ಹೀಗಾಯ್ತು ಹಾಗಾಯ್ತು ಅನ್ನಲಿಲ್ಲ. ಅಷ್ಟು ಸಾಕು ನನಗೆ. ಸೋತರೆ ಆಡಿದವರು ಸೋಲಬೇಕು. ಈ ಕೋಣೆಯಿಂದ ಹೋದ ಗನ್ ಸೋಲಬಾರದು."